ಇಪ್ಪತ್ತು ಎಳೆತದ ಲೆಕ್ಕ

ನಮ್ಮ ಹಾಯಿದೋಣಿಯ ಉದ್ದ ಒಂಬತ್ತು ಮೀಟರ್. ಅದರ ಶೌಚದ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಹಿಂದಕ್ಕೆ ತಿರುಗಬೇಕೆಂದರೆ ಮೊದಲು ಮೊಣಕೈಗಳಿಗೆ ಜಾಗ ಹುಡುಕಿಕೊಳ್ಳಬೇಕು. ಆ ಕೋಣೆಯ ಮೂಲೆಯಲ್ಲಿ ದೋಣಿಯಷ್ಟೇ ವಯಸ್ಸಾದ ಕಮೋಡ್ ಒಂದಿತ್ತು. ಬಿಳಿ ಪಿಂಗಾಣಿಯ ಬಟ್ಟಲು, ಪಕ್ಕದಲ್ಲಿ ಕೈಪಂಪು, ಪಂಪಿನ ತಲೆಯ ಮೇಲೊಂದು ಚಿಕ್ಕ ಸನ್ನೆ, ಹಿಂದಿನಿಂದ ಹೊರಟು ಕಪಾಟಿನೊಳಗೆ ಮಾಯವಾಗುವ ಎರಡು ಪೈಪುಗಳು. ದೋಣಿಯನ್ನು ಕೊಂಡಾಗ ಅದು ಕೆಲಸ ಮಾಡುತ್ತಿತ್ತು. ಕೆಲಸ ಮಾಡುವ ವಸ್ತುವನ್ನು ಬಿಚ್ಚಬಾರದೆಂಬ ನಿಯಮವನ್ನು ನಾನು ಆರು ವರ್ಷ ನಿಷ್ಠೆಯಿಂದ ಪಾಲಿಸಿದೆ. ಬಿಚ್ಚಲು ಮನಸ್ಸಿರಲಿಲ್ಲ ಎಂದರೂ ಸರಿಯೇ.

ಏಳನೆಯ ವರ್ಷ ಪಂಪಿನ ಹಿಡಿ ಬಿಗಿಯಾಗತೊಡಗಿತು. ಮೊದಲು ಒಂದು ಕೈಯಿಂದ ಆಗುತ್ತಿದ್ದ ಕೆಲಸಕ್ಕೆ ಎರಡು ಕೈ ಬೇಕಾಯಿತು, ಆಮೇಲೆ ಗೋಡೆಗೆ ಕಾಲು ಒತ್ತಿ ನಿಲ್ಲಬೇಕಾಯಿತು. ಪಂಪ್ ಮಾಡಿ ಮುಗಿಸಿದ ಮೇಲೆ ಹೋದ ನೀರಿನಲ್ಲಿ ಸ್ವಲ್ಪ ಭಾಗ ಮೆಲ್ಲಗೆ ಬಟ್ಟಲಿಗೆ ಹಿಂದಿರುಗುತ್ತಿತ್ತು. ಕೋಣೆಯಲ್ಲಿ ಎಷ್ಟು ತೊಳೆದರೂ ಹೋಗದ ಒಂದು ವಾಸನೆ ನೆಲೆಸಿತ್ತು. ಇವೆಲ್ಲವನ್ನೂ ಸಹಿಸಿಕೊಂಡೇ ಇದ್ದೆ. ಆದರೆ ಲಂಗರು ಹಾಕಿ ಮಲಗಿದ್ದ ಒಂದು ರಾತ್ರಿ, ಯಾವುದೋ ಕಾರಣಕ್ಕೆ ಎದ್ದು ಟಾರ್ಚ್ ಹಿಡಿದು ಒಳಗೆ ಹೋದಾಗ, ಖಾಲಿ ಇರಬೇಕಿದ್ದ ಬಟ್ಟಲಿನಲ್ಲಿ ಅಂಚಿಗೆ ಎರಡು ಬೆರಳಷ್ಟು ಜಾಗ ಉಳಿಸಿ ನೀರು ನಿಂತಿತ್ತು. ತಿಳಿಯಾದ ಸಮುದ್ರದ ನೀರು. ಯಾರೂ ಪಂಪ್ ಮಾಡಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ಅದು ಇನ್ನಷ್ಟು ಏರುತ್ತಿತ್ತು. ಕಪಾಟಿನೊಳಗೆ ಕೈ ತೂರಿಸಿ ಒಳಬರುವ ನೀರಿನ ವಾಲ್ವನ್ನು ತಿರುಗಿಸಿ ಮುಚ್ಚಿದೆ, ಬೆಳಗಿನವರೆಗೆ ಮತ್ತೆ ನಿದ್ದೆ ಬರಲಿಲ್ಲ.

ಹೀಗೇಕಾಯಿತೆಂದು ತಿಳಿಯಬೇಕಾದರೆ ಈ ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು. ಮನೆಯ ಕಮೋಡಿಗೆ ಮೇಲೊಂದು ನೀರಿನ ತೊಟ್ಟಿ ಇರುತ್ತದೆ, ಕೆಳಗೆ ಇಳಿಜಾರಿರುತ್ತದೆ, ಉಳಿದದ್ದನ್ನು ಭೂಮಿಯ ಸೆಳೆತವೇ ನೋಡಿಕೊಳ್ಳುತ್ತದೆ. ದೋಣಿಯಲ್ಲಿ ಬಟ್ಟಲು ಇರುವುದೇ ಹೊರಗಿನ ನೀರಿನ ಮಟ್ಟದ ಹತ್ತಿರ, ಎಷ್ಟೋ ದೋಣಿಗಳಲ್ಲಿ ಅದಕ್ಕಿಂತ ಕೆಳಗೆ. ಆದ್ದರಿಂದ ನೀರನ್ನು ತರುವುದಕ್ಕೂ ಕಳಿಸುವುದಕ್ಕೂ ಒಂದೇ ಪಂಪು ದುಡಿಯುತ್ತದೆ. ಅದರ ಪಿಸ್ಟನ್ನಿನ ಮೇಲ್ಭಾಗವು 19 ಮಿಲಿಮೀಟರ್ ಪೈಪಿನಿಂದ ಸಮುದ್ರದ ನೀರನ್ನು ಎಳೆದು ಬಟ್ಟಲಿಗೆ ತಳ್ಳುತ್ತದೆ, ಕೆಳಭಾಗವು ಬಟ್ಟಲಿನಲ್ಲಿದ್ದುದನ್ನು ಎಳೆದು 38 ಮಿಲಿಮೀಟರ್ ಪೈಪಿಗೆ ನೂಕುತ್ತದೆ. ಆ ಚಿಕ್ಕ ಸನ್ನೆಯನ್ನು ಒಂದು ಕಡೆಗೆ ತಿರುಗಿಸಿದರೆ ಹೊಸ ನೀರು ಬರುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ನೀರು ಬರುವುದು ನಿಂತು ಬಟ್ಟಲು ಬರಿದಾಗುತ್ತದೆ. ಹೋದದ್ದು ಹಿಂದಿರುಗದಂತೆ ತಡೆಯಲು ಪಂಪಿನ ಬುಡದಲ್ಲಿ ರಬ್ಬರಿನ ಒಂದು ಮುಚ್ಚಳ ಬಡಿದುಕೊಳ್ಳುತ್ತದೆ. ಅದರಾಚೆ, ಹೊರಹೋಗುವ ಬಾಯಲ್ಲಿ, ಜೋಕರ್ ವಾಲ್ವ್ ಎಂಬ ಇನ್ನೊಂದು ರಬ್ಬರಿನ ತುಂಡಿರುತ್ತದೆ. ಅದನ್ನು ಬಾತುಕೋಳಿಯ ಕೊಕ್ಕಿನಂತೆ ತುದಿ ಸೀಳಿದ ಒಂದು ಬಟ್ಟಲೆಂದು ಊಹಿಸಿಕೊಳ್ಳಬಹುದು. ಹೊರಮುಖವಾಗಿ ಒತ್ತಡ ಬಂದರೆ ತುಟಿ ತೆರೆಯುತ್ತದೆ, ಒತ್ತಡ ನಿಂತರೆ ಮುಚ್ಚಿಕೊಳ್ಳುತ್ತದೆ. ಅಷ್ಟು ದೊಡ್ಡ ಜವಾಬ್ದಾರಿಯನ್ನು ಅಂಗೈಯಲ್ಲಿ ಹಿಡಿಸುವ ಒಂದು ರಬ್ಬರಿನ ತುಂಡಿಗೆ ಒಪ್ಪಿಸಿದವರ ಧೈರ್ಯ ಮೆಚ್ಚಬೇಕಾದದ್ದು.

ನೀರು ಹಿಂದಿರುಗುತ್ತಿದೆ ಎಂದಮೇಲೆ ತಪ್ಪು ಜೋಕರ್ ವಾಲ್ವಿನದ್ದೇ ಎಂದು ನಿರ್ಧರಿಸಿ ಹೊಸದೊಂದನ್ನು ತಂದು ಹಾಕಿದೆ. ಹಳೆಯದು ಗಟ್ಟಿಯಾಗಿ, ತುಟಿಗಳು ಬಾಯ್ಬಿಟ್ಟುಕೊಂಡೇ ಇದ್ದವು. ಸೀಳಿನ ಉದ್ದಕ್ಕೂ ಬೂದುಬಣ್ಣದ ಹಕ್ಕಳೆ ಅಂಟಿತ್ತು. ಬದಲಿಸಿದ ಮೇಲೆ ನೀರು ಹಿಂದಿರುಗುವುದು ಬಹಳ ಕಡಿಮೆಯಾಯಿತು. ಹಿಡಿ ಮಾತ್ರ ಹಗುರಾಗಲಿಲ್ಲ. ಪಿಸ್ಟನ್ನಿನ ರಿಂಗು ಒಣಗಿರಬಹುದೆಂದು ಬಟ್ಟಲಿಗೆ ಅಡುಗೆ ಎಣ್ಣೆ ಸುರಿದು ಪಂಪ್ ಮಾಡಿದೆ. ಎರಡು ದಿನ ಸುಖವಾಗಿತ್ತು, ಮೂರನೆಯ ದಿನ ಯಥಾಪ್ರಕಾರ. ರಾತ್ರಿಯೆಲ್ಲ ವಿನಿಗರ್ ನಿಲ್ಲಿಸಿ ನೋಡಿದೆ. ಹಾಗೆ ಮಾಡಿದ್ದರಿಂದ ಬಟ್ಟಲು ಬೆಳ್ಳಗಾಯಿತು, ಕೋಣೆ ಉಪ್ಪಿನಕಾಯಿ ಭರಣಿಯಂತೆ ನಾರತೊಡಗಿತು, ಪಂಪು ಜಪ್ಪಯ್ಯ ಅನ್ನಲಿಲ್ಲ.

ಆಗ ದೋಣಿಯ ಕೆಲಸದಲ್ಲಿ ನನಗಿಂತ ಬಹಳ ಪಳಗಿದ ಗೆಳೆಯನೊಬ್ಬ ಬಂದು ಹಿಡಿಯನ್ನು ನಾಲ್ಕು ಸಲ ಆಡಿಸಿದ. ಮೇಲಕ್ಕೆ ಎಳೆಯುವಾಗ ಹೇಗಿದೆ, ಕೆಳಕ್ಕೆ ಒತ್ತುವಾಗ ಹೇಗಿದೆ ಎಂದು ಬೇರೆಬೇರೆಯಾಗಿ ಗಮನಿಸಿದ. ಪಂಪ್ ಒಣಗಿದ್ದರೆ ಎರಡೂ ಕಡೆ ಒಂದೇ ಸಮನಾಗಿ ಒರಟಾಗಿರಬೇಕು, ಇಲ್ಲಿ ನೀರು ಹೊರಗೆ ಹೋಗುವ ಎಳೆತ ಮಾತ್ರ ಬಿಗಿಯಾಗಿದೆ ಎಂದ. “ನಿನ್ನ ಪಂಪಿಗೆ ಏನೂ ಆಗಿಲ್ಲ ಮಾರಾಯ, ನೀರು ಹೋಗಬೇಕಾದ ದಾರಿಯೇ ಮುಚ್ಚಿದೆ. ಪೈಪ್ ಬಿಚ್ಚು,” ಎಂದು ಹೇಳಿ ಕೈ ತೊಳೆದುಕೊಂಡ. ಆ ಪೈಪು ಕಪಾಟಿನ ಹಿಂದೆ, ಹಾಸಿಗೆಯ ಅಡಿಯಲ್ಲಿ, ಎರಡು ಅಡ್ಡಗೋಡೆಗಳ ತೂತುಗಳಲ್ಲಿ ನುಸುಳಿ ಮೂರು ಮೀಟರ್ ದೂರ ಹೋಗುತ್ತದೆ. ಅದನ್ನು ಬಿಚ್ಚು ಎಂದು ಹೇಳಲು ಅವನಿಗೆ ಮೂರು ಕ್ಷಣ ಸಾಕಾಯಿತು.

ಪೈಪಿನ ಕೊನೆಯಲ್ಲಿ ದೋಣಿಯ ಹೊಟ್ಟೆಗೆ ಕೊರೆದ ಒಂದು ತೂತಿದೆ. ಅದರ ಮೇಲೆ ಕೂರಿಸಿದ ವಾಲ್ವಿಗೆ ಸೀಕಾಕ್ ಎನ್ನುತ್ತಾರೆ. ಪೈಪ್ ಕಳಚುವ ಮೊದಲು ಅದನ್ನು ಮುಚ್ಚಬೇಕೆಂಬುದು ಎಳೆಯ ಮಕ್ಕಳಿಗೂ ಗೊತ್ತು. ನಾನು ಮುಚ್ಚಿದೆ. ಹಿಡಿ ಸರಾಗವಾಗಿ ಕಾಲು ಸುತ್ತು ತಿರುಗಿತು. ಅಷ್ಟು ಸರಾಗವಾಗಿ ತಿರುಗಿದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು, ಆಗಲಿಲ್ಲ. ಕ್ಲಿಪ್ಪುಗಳನ್ನು ಸಡಿಲಿಸಿ ಪೈಪನ್ನು ಒಂದು ಬೆರಳಿನಷ್ಟು ಜಗ್ಗಿದಾಗ ಸುತ್ತಲೂ ನೀರು ಚಿಮ್ಮಿತು. ಪೈಪಿನಲ್ಲಿ ಉಳಿದಿದ್ದ ನೀರಿರಬೇಕೆಂದು ಕಾದೆ. ಅದು ನಿಲ್ಲಲಿಲ್ಲ. ವಾಲ್ವಿನ ಒಳಗೆ ಹಿಡಿಯನ್ನೂ ನೀರಿನ ದಾರಿಯನ್ನು ತೆರೆದು ಮುಚ್ಚುವ ಗುಂಡನ್ನೂ ಜೋಡಿಸುವ ಕಡ್ಡಿ ಸವೆದು ತುಂಡಾಗಿತ್ತು. ಹಿಡಿ ತಾನೊಂದೇ ತಿರುಗುತ್ತಿತ್ತು, ಒಳಗಿನ ಗುಂಡು ತೆರೆದ ಸ್ಥಿತಿಯಲ್ಲೇ ಕುಳಿತಿತ್ತು. ಪೈಪನ್ನು ಮತ್ತೆ ಒತ್ತಿ ಕ್ಲಿಪ್ ಬಿಗಿದೆ. ಕೈ ನಡುಗುತ್ತಿದ್ದುದರಿಂದ ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಅರ್ಧ ಮೀಟರ್ ಆಳದಲ್ಲಿ 38 ಮಿಲಿಮೀಟರ್ ಅಗಲದ ತೂತೊಂದು ತೆರೆದುಕೊಂಡರೆ ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಒಳಗೆ ಬರುತ್ತದೆ. ಈ ಲೆಕ್ಕವನ್ನು ಆಮೇಲೆ ಕುಳಿತು ಹಾಕಿದೆ. ಆಗಲೇ ಹಾಕಿದ್ದರೆ ಕ್ಲಿಪ್ ಬಿಗಿಯಲು ಕೈ ಬರುತ್ತಿತ್ತೋ ಇಲ್ಲವೋ.

ದೋಣಿಯನ್ನು ದಡಕ್ಕೆ ಎತ್ತಿಸುವ ಸರದಿಗೆ ಇನ್ನೂ ಎರಡು ತಿಂಗಳಿತ್ತು. ಗೆಳೆಯನೇ ಉಪಾಯ ಹೇಳಿದ. ಪ್ರತಿ ಸೀಕಾಕಿನ ಪಕ್ಕದಲ್ಲೂ ಒಂದು ಮೆದುಮರದ ಬೂಚನ್ನು, ಅಂದರೆ ತುದಿ ಚೂಪಾಗುತ್ತ ಹೋಗುವ ಗೂಟವನ್ನು, ದಾರದಲ್ಲಿ ಕಟ್ಟಿ ಇಡುವ ಪದ್ಧತಿಯಿದೆ. ಅದನ್ನು ಹೊರಗಿನಿಂದ ತೂತಿಗೆ ಹೊಡೆದರೆ ನೀರಿನ ಒತ್ತಡವೇ ಅದನ್ನು ಒಳಕ್ಕೆ ತಳ್ಳಿ ಹಿಡಿಯುತ್ತದೆ, ಮರ ನೀರು ಕುಡಿದು ಉಬ್ಬಿದಷ್ಟೂ ಬಿಗಿಯಾಗುತ್ತದೆ. ಅವನೇ ನೀರಿಗೆ ಇಳಿದು ತೂತಿನ ಬಾಯಿಯ ಚಿಪ್ಪುಗಳನ್ನು ಕೆರೆದು ಬೂಚನ್ನು ಹೊಡೆದ. ಒಳಗಿದ್ದ ನಾನು ಅವನ ಸುತ್ತಿಗೆಯ ಸದ್ದು ಕೇಳುತ್ತ ಇನ್ನೊಂದು ಬೂಚನ್ನು ಕೈಯಲ್ಲಿ ಹಿಡಿದು ಕುಳಿತಿದ್ದೆ. ಈ ಸಲ ಪೈಪ್ ಜಗ್ಗಿದಾಗ ಒಂದು ಲೋಟದಷ್ಟು ಕೊಳಕು ನೀರು ಬಂದು ನಿಂತಿತು. ಒಳಗಿನಿಂದಲೂ ಎರಡನೆಯ ಬೂಚನ್ನು ಬಡಿದೆ. ಹೊರಗೆ ಬೂಚು ಇರುವಾಗ ಪಂಪ್ ಬಳಸಬಾರದೆಂದು ಕಮೋಡಿನ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದೆ. ಮುಂದೆ ದೋಣಿ ಮೇಲೆ ಬರುವವರೆಗೆ ಎರಡು ತಿಂಗಳು ನಮ್ಮ ಪಾಲಿಗೆ ಉಳಿದದ್ದು ಬಕೆಟ್ ಒಂದೇ. ಅದರಲ್ಲಿ ಕೆಡುವ ಭಾಗಗಳಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಪೈಪನ್ನು ಇಡಿಯಾಗಿ ಎಳೆದು ತೆಗೆಯುವ ಆಸೆಯನ್ನು ಮೊದಲ ಅಡ್ಡಗೋಡೆಯಲ್ಲೇ ಬಿಟ್ಟೆ. ವರ್ಷಗಳಿಂದ ಒಂದೇ ಭಂಗಿಯಲ್ಲಿ ಮಲಗಿದ್ದ ಅದು ಮರದ ಕೊಂಬೆಯಂತೆ ಸೆಟೆದಿತ್ತು. ಪ್ರತಿ ತುಂಡಿನ ಎರಡೂ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಅಡಿಯಲ್ಲಿ ತಟ್ಟೆಯಿಟ್ಟು, ಗರಗಸದ ಬರಿಯ ಅಲಗಿಗೆ ಬಟ್ಟೆ ಸುತ್ತಿ ಹಿಡಿದುಕೊಂಡು ಒಂದೊಂದು ಮೊಳದ ತುಂಡುಗಳಾಗಿ ಕತ್ತರಿಸಿದೆ. ಅಲಗು ಮೊದಲು ರಬ್ಬರಿನಲ್ಲಿ ಮೆತ್ತಗೆ ಇಳಿಯಿತು, ಆಮೇಲೆ ಕಲ್ಲಿಗೆ ತಾಗಿದಂತೆ ಕರಕರ ಎಂದಿತು. ಮೊದಲ ತುಂಡು ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿದೆ. ಹೊರಗಿನಿಂದ ನೋಡಿದರೆ ಸರಿಯಾದ 38 ಮಿಲಿಮೀಟರ್ ಪೈಪು. ಒಳಗೆ ಸುತ್ತಲೂ ಕೆನೆಬಣ್ಣದ ಕಲ್ಲು ಕಟ್ಟಿ, ನಟ್ಟನಡುವೆ ನನ್ನ ಹೆಬ್ಬೆರಳು ಕೂಡ ಹೋಗದಷ್ಟು ಕಿರಿದಾದ ಒಂದು ತೂತು ಉಳಿದಿತ್ತು. ಕತ್ತರಿಸಿದ ಮುಖದಲ್ಲಿ ಮರದ ವರ್ಷಬಳೆಗಳಂತೆ ಪದರಪದರವಾದ ಸುತ್ತುಗಳು ಕಾಣುತ್ತಿದ್ದವು. ಅತಿ ಹೊರಗಿನ ಕೆಲವು ಪದರಗಳು ಹಿಂದಿನ ಮಾಲೀಕರ ಕಾಲದವಾಗಿರಬೇಕು. ಒಳಗಿನ ಆರು ವರ್ಷದ ಪದರಗಳು ನಿಸ್ಸಂದೇಹವಾಗಿ ನನ್ನವು.

ಈ ಕಲ್ಲು ಎಲ್ಲಿಂದ ಬರುತ್ತದೆಂದು ಆಮೇಲೆ ಓದಿ ತಿಳಿದುಕೊಂಡೆ. ಮೂತ್ರದಲ್ಲಿರುವ ಯೂರಿಯಾ ಪೈಪಿನಲ್ಲಿ ನಿಂತು ಕೊಳೆತಾಗ ಅಮೋನಿಯಾ ಹುಟ್ಟಿ ಅಲ್ಲಿನ ನೀರು ಕ್ಷಾರೀಯವಾಗುತ್ತದೆ. ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಆ ಕ್ಷಾರದಲ್ಲಿ ಕರಗಿ ಉಳಿಯಲಾರದೆ ಕಾರ್ಬೊನೇಟ್ ಮತ್ತು ಫಾಸ್ಫೇಟುಗಳಾಗಿ ಗೋಡೆಗೆ ಅಂಟುತ್ತವೆ. ಇದರಲ್ಲಿ ಮುಖ್ಯವಾದ ಮಾತೆಂದರೆ ‘ನಿಂತು’ ಎಂಬುದು. ಪೈಪಿನಿಂದ ಪೂರ್ತಿ ಹೊರಟುಹೋದ ಮೂತ್ರ ಸಮುದ್ರದ ಪಾಲು, ಪೈಪಿನಲ್ಲಿ ನಿಂತದ್ದು ಕಲ್ಲಿನ ಪಾಲು. ನಾನು ಆರು ವರ್ಷ ಏನು ಮಾಡುತ್ತಿದ್ದೆ? ಬಟ್ಟಲು ಸ್ವಚ್ಛವಾಗಿ ಕಂಡ ಕೂಡಲೇ, ನಾಲ್ಕೋ ಐದೋ ಎಳೆತಕ್ಕೆ, ಪಂಪ್ ನಿಲ್ಲಿಸುತ್ತಿದ್ದೆ. ಕಾಗದದ ಮೇಲೆ ಲೆಕ್ಕ ಹಾಕಿದೆ. 38 ಮಿಲಿಮೀಟರ್ ಪೈಪು ಮೀಟರಿಗೆ 1.1 ಲೀಟರಿನಷ್ಟು ನೀರು ಹಿಡಿಸುತ್ತದೆ, ಮೂರು ಮೀಟರಿಗೆ 3.4 ಲೀಟರ್. ಬಕೆಟಿನಲ್ಲಿ ಅಳೆದು ನೋಡಿದರೆ ನನ್ನ ಪಂಪಿನ ಒಂದು ಎಳೆತಕ್ಕೆ ಸಾಗುತ್ತಿದ್ದುದು ಕಾಲು ಲೀಟರ್. ಬಟ್ಟಲಿನಿಂದ ಹೊರಟದ್ದು ಸಮುದ್ರ ಸೇರಬೇಕಾದರೆ ಹದಿನಾಲ್ಕು ಎಳೆತವಾದರೂ ಬೇಕು, ಪೈಪು ಚೆನ್ನಾಗಿ ತೊಳೆದುಹೋಗಲು ಇಪ್ಪತ್ತು. ಅಂದರೆ ನಾನು ಪ್ರತಿಸಲವೂ ಹಾಸಿಗೆಯ ಅಡಿಯವರೆಗೆ ಮಾತ್ರ ಕಳಿಸಿ ಮೇಲೆ ಮಲಗುತ್ತಿದ್ದೆ.

ಆ ಕಲ್ಲನ್ನು ಕರಗಿಸಿ ಹಳೆಯ ಪೈಪನ್ನೇ ಉಳಿಸಬಹುದೇ ಎಂದು ಒಂದು ತುಂಡಿನ ಮೇಲೆ ಪ್ರಯೋಗ ಮಾಡಿದೆ. ಬಯಲಿನಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಬಕೆಟಿನ ನೀರಿಗೆ ಹೈಡ್ರೋಕ್ಲೋರಿಕ್ ಆಸಿಡನ್ನು ನಿಧಾನವಾಗಿ ಸುರಿದು (ಆಸಿಡಿಗೆ ನೀರನ್ನು ಎಂದೂ ಸುರಿಯಬಾರದು) ತುಂಡನ್ನು ಮುಳುಗಿಸಿದೆ. ನೊರೆ ಸೋಡಾ ಬಾಟಲಿಯಂತೆ ಉಕ್ಕಿತು. ಕಾಲು ಗಂಟೆಯಲ್ಲಿ ಪೈಪಿನ ಒಳಗೋಡೆ ಕಾಣಿಸಿಕೊಂಡಿತು. ಆದುದರಿಂದ ಕಲ್ಲು ಕಟ್ಟಲು ಆರಂಭಿಸಿದ ಪೈಪಿಗೆ ಇದು ಒಳ್ಳೆಯ ಮದ್ದೇ. ಆದರೆ ಇಂಥ ಕಡೆ ಬ್ಲೀಚಿಂಗ್ ದ್ರಾವಣ ಬಳಸುವ ಅಭ್ಯಾಸ ಇರುವವರು ಎಚ್ಚರ ವಹಿಸಬೇಕು. ಆಸಿಡಿನ ಜೊತೆ ಅದು ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ದೋಣಿಯ ಶೌಚದ ಕೋಣೆ ಅದಕ್ಕೆ ತೀರ ಚಿಕ್ಕ ಜಾಗ. ನನ್ನ ಪೈಪನ್ನು ಉಳಿಸದಿರಲು ಕಾರಣ ಬೇರೆ. ಒಂದು ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಪೈಪಿನ ಹೊರಮೈಗೆ ಸುತ್ತಿ, ತಣ್ಣಗಾದ ಮೇಲೆ ಬಿಚ್ಚಿ ಮೂಸಿ ನೋಡಬೇಕು. ಬಟ್ಟೆಗೆ ವಾಸನೆ ಹತ್ತಿದ್ದರೆ ಪೈಪಿನ ಗೋಡೆಯೇ ವಾಸನೆಯನ್ನು ಹಾಯಗೊಡುತ್ತಿದೆ ಎಂದರ್ಥ. ನಾನು ಮೂಸಿ ನೋಡಿದೆ. ಕೋಣೆಯನ್ನು ಅಷ್ಟು ವರ್ಷ ತೊಳೆದದ್ದೆಲ್ಲ ವ್ಯರ್ಥವೆಂದು ಅರ್ಥವಾಯಿತು.

ಇಷ್ಟೆಲ್ಲ ಆದಮೇಲೆ ಪಂಪನ್ನೂ ಬಿಚ್ಚಿ ರಿಪೇರಿ ಕಿಟ್ ಹಾಕಿಬಿಡೋಣವೆಂದು ಕುಳಿತೆ. ಪಂಪಿಗೆ ಏನೂ ಆಗಿಲ್ಲ ಎಂಬ ಗೆಳೆಯನ ಮಾತು ಅರ್ಧ ಮಾತ್ರ ನಿಜವಾಗಿತ್ತು. ಮುಚ್ಚಿದ ದಾರಿಗೆ ಎದುರಾಗಿ ನಾನು ಗೋಡೆಗೆ ಕಾಲು ಕೊಟ್ಟು ಒತ್ತಿದ ಬಲವೆಲ್ಲ ಎಲ್ಲಿಯಾದರೂ ಹೋಗಲೇಬೇಕಲ್ಲ. ಅದು ಪಂಪಿನ ಬುಡದ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಒಂದು ಬಿರುಕಾಗಿ ಕಾಣಿಸಿಕೊಂಡಿತ್ತು. ಸಿಲಿಂಡರಿನ ಒಳಮೈಯಲ್ಲಿ ಮರಳಿನ ಕಣಗಳು ಉದ್ದುದ್ದ ಗೀರುಗಳನ್ನು ಎಳೆದಿದ್ದವು. ರಿಂಗು ಹೊಸದಾದರೂ ಗೀರಿನಲ್ಲಿ ನೀರು ಸೋರುತ್ತದೆ. ಕಿಟ್ಟು, ಬುಡ, ಸಿಲಿಂಡರ್ ಮೂರನ್ನೂ ಬಿಡಿಬಿಡಿಯಾಗಿ ಕೊಂಡರೆ ಹೊಸ ಕಮೋಡಿನ ಬೆಲೆಗೆ ಹತ್ತಿರವಾಗುತ್ತಿತ್ತು. ಪಿಂಗಾಣಿಯ ಬಟ್ಟಲೊಂದು ಗಟ್ಟಿಮುಟ್ಟಾಗಿದೆ ಎಂಬ ಕಾರಣಕ್ಕೆ ಸುತ್ತಲಿನದನ್ನೆಲ್ಲ ಹೊಸದಾಗಿ ಕೊಳ್ಳುವುದು ನನಗೆ ಸರಿಯೆನಿಸಲಿಲ್ಲ. ಬದಲಿಸುವುದೆಂದೇ ತೀರ್ಮಾನಿಸಿದೆ. ಕಿಟ್ ಮಾತ್ರ ಸಾಕಾಗುವ ಸ್ಥಿತಿಯಲ್ಲಿರುವವರು ಹಾಗೆ ಮಾಡಬೇಕಾಗಿಲ್ಲ. ಕಿಟ್ ಹಾಕುವುದು ಒಂದು ಬೆಳಗಿನ ಕೆಲಸ.

ಹಳೆಯದನ್ನು ನೆಲಕ್ಕೆ ಬಿಗಿದ ನಾಲ್ಕು ಬೋಲ್ಟುಗಳಲ್ಲಿ ಎರಡು ಮಾತು ಕೇಳಿದವು. ಉಳಿದ ಎರಡರ ನಟ್ಟುಗಳು ಕೈಗೆ ಎಟುಕದ ಕಡೆ ಇದ್ದವು, ಮೇಲಿನಿಂದ ತಿರುಗಿಸಿದರೆ ಬೋಲ್ಟಿನ ಜೊತೆ ನಟ್ಟೂ ತಿರುಗುತ್ತಿತ್ತು. ಒಂದು ಕೆನ್ನೆಯನ್ನು ಬಟ್ಟಲಿಗೂ ಇನ್ನೊಂದನ್ನು ಗೋಡೆಗೂ ಒತ್ತಿಕೊಂಡು, ಗರಗಸದ ಅಲಗನ್ನು ಬುಡದ ಅಡಿಗೆ ತೂರಿಸಿ, ಒಂದು ಸಲಕ್ಕೆ ಎರಡು ಬೆರಳಗಲದಷ್ಟೇ ಹಿಂದೆಮುಂದೆ ಎಳೆಯುತ್ತ ಒಂದೊಂದನ್ನು ಕತ್ತರಿಸಲು ಒಂದೂವರೆ ಗಂಟೆ ಹಿಡಿಯಿತು. ಕಮೋಡನ್ನು ಎತ್ತಿದಾಗ ಅಡಿಯ ಪೀಠದ ಪ್ಲೈವುಡ್ ಒಂದು ಬೋಲ್ಟಿನ ತೂತಿನ ಸುತ್ತ ನೆನೆದ ಕಾಗದದಂತೆ ಮೆತ್ತಗಾಗಿತ್ತು. ಕೊಳೆತ ಭಾಗವನ್ನು ಕೆತ್ತಿ ತೆಗೆದು, ವಾರವೆಲ್ಲ ಒಣಗಲು ಬಿಟ್ಟು, ದಪ್ಪಗೊಳಿಸಿದ ಎಪಾಕ್ಸಿ ಅಂಟಿನಿಂದ ತುಂಬಿದೆ. ಹೊಸ ಕಮೋಡಿನ ತೂತುಗಳು ಹಳೆಯದಕ್ಕೆ ಹೊಂದಲಿಲ್ಲ. ಹೊಂದುತ್ತವೆಂದು ಡಬ್ಬಿಯ ಮೇಲೆ ಬರೆದಿರಲೂ ಇಲ್ಲ, ಅದು ನನ್ನ ಊಹೆಯಷ್ಟೆ. ಹಳೆಯ ನಾಲ್ಕು ತೂತುಗಳನ್ನೂ ಮುಚ್ಚಿ ಹೊಸ ನಾಲ್ಕನ್ನು ಕೊರೆದೆ. ಕೊರೆಯುವ ಮೊದಲು ಕಮೋಡನ್ನು ಜಾಗದಲ್ಲಿಟ್ಟು, ಮೇಲೆ ಕುಳಿತು, ಬಾಗಿಲು ಮುಚ್ಚಿ, ಮೊಣಕಾಲು ತಾಗುತ್ತದೆಯೇ ಎಂದು ನೋಡಿದೆ. ತಾಗಿತು. ಎರಡು ಬೆರಳು ಹಿಂದಕ್ಕೆ ಸರಿಸಿದೆ.

ಇನ್ನು ಆ ರಾತ್ರಿ ತಾನಾಗಿ ಏರಿದ ನೀರಿನ ವಿಷಯ. ಬಟ್ಟಲಿನ ಅಂಚು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಒಳಬರುವ ಪೈಪಿನ ತುಂಬ ನೀರಿದ್ದು ಸನ್ನೆ ‘ನೀರು ಬರಲಿ’ ಎಂಬ ಕಡೆಗೆ ಉಳಿದುಹೋದರೆ, ಪಂಪಿನ ವಾಲ್ವುಗಳು ಸವೆದಿದ್ದರೆ, ಸಮುದ್ರ ತಾನಾಗಿ ಒಳಕ್ಕೆ ಹರಿಯುತ್ತದೆ. ಪೈಪು ನಡುವೆ ದೋಣಿಯೊಳಗೆ ಎಷ್ಟೇ ಎತ್ತರಕ್ಕೆ ಏರಿ ಇಳಿದರೂ ಸೈಫನ್, ಅಂದರೆ ತುಂಬಿದ ಪೈಪಿನಲ್ಲಿ ನೀರು ತಾನಾಗಿ ಕೆಳಮಟ್ಟದ ಕಡೆಗೆ ಹರಿಯುವ ಸೆಳೆತ, ಅದನ್ನು ದಾಟಿಸಿಬಿಡುತ್ತದೆ. ಇದಕ್ಕೆ ಪರಿಹಾರ ಗಾಳಿಕಿಂಡಿಯಿರುವ ಕಮಾನು. ಪೈಪನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲೆ, ದೋಣಿ ಗಾಳಿಗೆ ಪೂರ್ತಿ ವಾಲಿದಾಗಲೂ ಮೇಲೇ ಉಳಿಯುವಷ್ಟು ಎತ್ತರಕ್ಕೆ ಒಯ್ದು, ಕಮಾನಿನ ನೆತ್ತಿಯಲ್ಲಿ ಗಾಳಿ ಒಳಬರಲು ಮಾತ್ರ ಬಿಡುವ ಒಂದು ಚಿಕ್ಕ ವಾಲ್ವನ್ನು ಕೂರಿಸುತ್ತಾರೆ. ಗಾಳಿ ಹೊಕ್ಕ ಕೂಡಲೇ ಸೈಫನ್ ಕಡಿಯುತ್ತದೆ. ನಮ್ಮ ದೋಣಿಯ ಹೊರಹೋಗುವ ಪೈಪಿಗೆ ಆ ಕಮಾನಿತ್ತು, ಒಳಬರುವ ಪೈಪಿಗೆ ಇರಲಿಲ್ಲ. ಸಮುದ್ರದಲ್ಲಿ ಇಂಥ ವಿಷಯಗಳನ್ನು ಹಗುರಾಗಿ ತೆಗೆದುಕೊಳ್ಳಬಾರದೆಂಬುದಕ್ಕೆ ದೊಡ್ಡ ಸಾಕ್ಷಿಯೇ ಇದೆ. 1945ರ ಏಪ್ರಿಲ್ 14ರಂದು ಸ್ಕಾಟ್ಲೆಂಡಿನ ಕರಾವಳಿಯ ಬಳಿ ಯು-1206 ಎಂಬ ಜರ್ಮನ್ ಜಲಾಂತರ್ಗಾಮಿ ಮುಳುಗಿದ ಕಥೆಯಲ್ಲಿ ಅದರ ಶೌಚಾಲಯದ ಮೂಲಕ ಒಳನುಗ್ಗಿದ ನೀರಿನ ಪಾತ್ರವಿದೆ. ನನ್ನದು ಎರಡು ಬೆರಳಿನ ಅಂತರದಲ್ಲಿ ಉಳಿದುಕೊಂಡ ಚಿಕ್ಕ ದೋಣಿ.

ಒಳಬರುವ ಕಡೆಗೂ ಕಮಾನು ತಂದೆ, ಕೂರಿಸಿದೆ, ಎಲ್ಲವನ್ನೂ ಬಿಗಿದು ಪಂಪ್ ಮಾಡಿದೆ. ನೀರು ಬರಲಿಲ್ಲ. ಮೂವತ್ತು ಎಳೆತದ ನಂತರವೂ ಹಿಡಿ ಗಾಳಿಯಲ್ಲಿ ಆಡಿದಂತೆ ಆಡಿತು, ಕಮಾನಿನ ನೆತ್ತಿಯಲ್ಲಿ ಸುಯ್ ಸುಯ್ ಎಂಬ ಸದ್ದು ಕೇಳಿಸಿತು. ನಾನು ಕಮಾನನ್ನು ಸೀಕಾಕಿಗೂ ಪಂಪಿಗೂ ನಡುವೆ ಕೂರಿಸಿದ್ದೆ. ಅಲ್ಲಿ ಪಂಪು ಎಳೆಯುವುದು ನೀರನ್ನಲ್ಲ, ನೆತ್ತಿಯ ಕಿಂಡಿಯಿಂದ ಗಾಳಿಯನ್ನು. ಅದಿರಬೇಕಾದ ಜಾಗ ಪಂಪಿಗೂ ಬಟ್ಟಲಿಗೂ ನಡುವೆ, ಅಂದರೆ ಪಂಪು ನೀರನ್ನು ತಳ್ಳುವ ಕಡೆ. ಕಮೋಡಿನ ಜೊತೆ ಬರುವ ಗೇಣುದ್ದದ ಚಿಕ್ಕ ಪೈಪನ್ನು ತೆಗೆದು, ಆ ಎರಡು ಬಾಯಿಗಳ ನಡುವೆ ಉದ್ದನೆಯ ಪೈಪನ್ನು ಗೋಡೆಯ ಮೇಲಕ್ಕೆ ಒಯ್ದು ಇಳಿಸಬೇಕು. ಆ ದಿನ ಗೆಳೆಯ ಪಕ್ಕದಲ್ಲಿ ಇರಲಿಲ್ಲವೆಂಬುದೇ ಸಮಾಧಾನ. ಆಮೇಲೆ ನಾನಾಗಿಯೇ ಹೇಳಿದಾಗ, “ಎಲ್ಲರೂ ಒಂದು ಸಲ ಹಾಗೇ ಮಾಡುತ್ತಾರೆ,” ಎಂದು ಅವನು ಹೇಳಿದ ರೀತಿಯಿಂದ ಅವನೂ ಮಾಡಿದ್ದನೆಂದು ತಿಳಿಯಿತು.

ಹೊಸ ಪೈಪಿಗೆ ನಾನು ಹಣ ಉಳಿಸಲಿಲ್ಲ. ದಪ್ಪ ಗೋಡೆಯ, ಒಳಮೈ ನುಣುಪಾದ, ಶೌಚದ ಕೆಲಸಕ್ಕೆಂದೇ ಮಾಡಿದ ಪೈಪನ್ನೇ ಕೊಂಡೆ. ಅದು ಬಾಗುವುದಕ್ಕೆ ಒಪ್ಪುವುದಿಲ್ಲ, ಬಾಯಿಗಳಿಗೆ ಹತ್ತುವುದಕ್ಕಂತೂ ಒಪ್ಪುವುದೇ ಇಲ್ಲ. ತುದಿಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಬಾಯಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಸವರಿ, ತಿರುಚುತ್ತ ಒತ್ತಿದರೆ ಹತ್ತುತ್ತದೆ. ಅದೂ ಮೊದಲ ಹತ್ತು ಸೆಕೆಂಡಿನಲ್ಲಿ ಆಗಬೇಕು, ತಡವಾದರೆ ಮತ್ತೆ ನೀರು ಕಾಯಿಸಬೇಕು. ನೀರಿನ ಮಟ್ಟದ ಕೆಳಗಿನ ಪ್ರತಿ ಜೋಡಣೆಗೂ ಎರಡೆರಡು ಕ್ಲಿಪ್ ಹಾಕಿ, ಅವುಗಳ ಸ್ಕ್ರೂಗಳು ಎದುರುಬದುರಾಗಿ ಬರುವಂತೆ ಬಿಗಿದೆ. ಕ್ಲಿಪ್ಪುಗಳ ಪಟ್ಟಿ, ಸ್ಕ್ರೂ ಎರಡೂ ಉಪ್ಪುನೀರನ್ನು ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವೇ ಎಂದು ನೋಡಿಕೊಳ್ಳಬೇಕು. ಹಳೆಯ ಕ್ಲಿಪ್ಪುಗಳ ಪಟ್ಟಿ ಹೊಳೆಯುತ್ತಿತ್ತು, ಸ್ಕ್ರೂ ಮುಟ್ಟಿದರೆ ಪುಡಿಯಾಗುತ್ತಿತ್ತು.

ಎರಡು ತಿಂಗಳ ಬಳಿಕ ದೋಣಿ ದಡಕ್ಕೆ ಬಂದಾಗ ಬೂಚುಗಳನ್ನು ಹೊಡೆದು ತೆಗೆದು ಮುರಿದ ಸೀಕಾಕನ್ನು ಬಿಚ್ಚಿದೆವು. ಒಳಗೆ ತುಂಡಾಗಿದ್ದ ಕಡ್ಡಿಯ ಮುರಿದ ಮುಖ ಹಳದಿಯಾಗಿರದೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹಿತ್ತಾಳೆ ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇದ್ದರೆ ಅದರೊಳಗಿನ ಸತು ಕರಗಿಹೋಗಿ ತಾಮ್ರದ ಜಾಳು ಮಾತ್ರ ಉಳಿಯುತ್ತದೆ, ನೋಡಲು ಇಡಿಯಾಗಿ ಕಾಣುವ ಆ ಲೋಹ ಉಗುರಿನಿಂದ ಗೀರಿದರೂ ಉದುರುತ್ತದೆ. ಅದರ ಜಾಗಕ್ಕೆ ಕಂಚಿನದು ಬಂತು. ಒಳಬರುವ ಕಡೆಯದನ್ನೂ ಅದೇ ಉಸಿರಿನಲ್ಲಿ ಬದಲಿಸಿದೆವು, ಏಕೆಂದರೆ ಅದರ ವಯಸ್ಸೂ ಅಷ್ಟೇ.

ದೋಣಿಯನ್ನು ಮತ್ತೆ ನೀರಿಗೆ ಇಳಿಸಿದ ದಿನ ಪ್ರತಿ ಜೋಡಣೆಯ ಅಡಿಯಲ್ಲೂ ಒಂದೊಂದು ಒಣ ಕಾಗದ ಹಾಸಿ, ಸೀಕಾಕುಗಳನ್ನು ತೆರೆದು, ಇಪ್ಪತ್ತು ಎಳೆತ ಪಂಪ್ ಮಾಡಿ ಒಂದು ಗಂಟೆ ಕಾದೆ. ಬಟ್ಟಲಿಗೆ ಹೋಗುವ ಪೈಪಿನ ಅಡಿಯ ಕಾಗದದಲ್ಲಿ ಮಾತ್ರ ಗೋಲಿಯಷ್ಟು ಅಗಲದ ಒಂದು ಕಲೆ ಇತ್ತು. ಕ್ಲಿಪ್ಪನ್ನು ಅರ್ಧ ಸುತ್ತು ಬಿಗಿದ ಮೇಲೆ ಹಾಸಿದ ಎರಡನೆಯ ಕಾಗದ ಒಣಗಿಯೇ ಉಳಿಯಿತು. ಹಿಡಿ ಈಗ ಎರಡು ಬೆರಳಿನಲ್ಲಿ ಆಡುತ್ತದೆ. ವಾಸನೆ ಪೂರ್ತಿ ಹೋಯಿತೆಂದು ಹೇಳಲಾರೆ. ಒಂದು ವಾರ ದೋಣಿಯನ್ನು ಮುಚ್ಚಿಟ್ಟು ಬಂದು ಮೊದಲ ಸಲ ಪಂಪ್ ಮಾಡಿದರೆ ಕೊಳೆತ ಮೊಟ್ಟೆಯ ವಾಸನೆ ಒಂದು ಕ್ಷಣ ಹೊಡೆಯುತ್ತದೆ. ಆದರೆ ಅದು ಶೌಚದ್ದಲ್ಲ, ಒಳಬರುವ ಪೈಪಿನಲ್ಲಿ ನಿಂತ ಸಮುದ್ರದ ನೀರಿನೊಳಗಿನ ಸೂಕ್ಷ್ಮಜೀವಿಗಳು ಸತ್ತು ಕೊಳೆತಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್. ದೋಣಿ ಬಿಟ್ಟು ಹೊರಡುವ ಮೊದಲು ಒಳಬರುವ ಪೈಪಿಗೂ ಪಂಪಿಗೂ ಸಿಹಿನೀರು ಎಳೆಸಿ ನಿಲ್ಲಿಸಿದರೆ ಅದೂ ಇರುವುದಿಲ್ಲ. ಕಮಾನಿನ ನೆತ್ತಿಯ ಚಿಕ್ಕ ವಾಲ್ವುಗಳಲ್ಲಿ ಉಪ್ಪು ಕಟ್ಟುವುದರಿಂದ ಅವುಗಳನ್ನು ಆಗಾಗ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯುತ್ತೇನೆ.

ದಡಕ್ಕೆ ಹತ್ತಿರದಲ್ಲಿ ಹೊರಗೆ ಬಿಡಲು ಕಾನೂನು ಒಪ್ಪದ ನೀರಿನಲ್ಲಿ ಇರುವಾಗ ಪಂಪಿನಿಂದ ಹೋಗುವುದನ್ನೆಲ್ಲ ಶೇಖರಣಾ ತೊಟ್ಟಿಗೆ ತಿರುಗಿಸುವ ವೈ ಆಕಾರದ ವಾಲ್ವೊಂದನ್ನು ಈ ಕೆಲಸದ ಜೊತೆಗೇ ಸೇರಿಸಿದೆ. ತೊಟ್ಟಿ ಇದ್ದಲ್ಲಿ ಇಪ್ಪತ್ತು ಎಳೆತ ದುಬಾರಿ, ಅದು ಬೇಗ ತುಂಬುತ್ತದೆ. ಆದರೆ ತೊಟ್ಟಿಗೆ ಹೋಗುವ ನಮ್ಮ ಪೈಪು ಒಂದು ಮೀಟರ್ ಮಾತ್ರ ಇರುವುದರಿಂದ ಅಲ್ಲಿಗೆ ಏಳು ಎಳೆತ ಸಾಕು. ಎರಡೂ ಸಂಖ್ಯೆಗಳನ್ನು ಸಣ್ಣ ಹಲಗೆಯೊಂದರ ಮೇಲೆ ಬರೆದು ಹಿಡಿಯ ಮೇಲ್ಗಡೆ ಗೋಡೆಗೆ ಬಡಿದಿದ್ದೇನೆ. ಹೊಸದಾಗಿ ದೋಣಿಗೆ ಬಂದವರು ಬಟ್ಟಲು ಆಗಲೇ ಸ್ವಚ್ಛವಾಗಿತ್ತಲ್ಲ, ಇಪ್ಪತ್ತು ಸಲ ಯಾಕೆ ಎಂದು ಕೇಳುತ್ತಾರೆ. ಕೋಣೆಯ ಕಪಾಟಿನಲ್ಲಿ, ಬಿಡಿ ಜೋಕರ್ ವಾಲ್ವಿನ ಪಕ್ಕ, ಹಳೆಯ ಪೈಪಿನ ಒಂದು ಗೇಣುದ್ದದ ತುಂಡನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ. ಅದನ್ನು ತೆಗೆದು ಅವರ ಕೈಗೆ ಕೊಡುತ್ತೇನೆ.